ಪರವಾಗಿಲ್ಲ ಅಂದ ರಾಯರು

ಆಸ್ಪತ್ರೆಯ ಹಜಾರದಲ್ಲಿ ಯಾರೋ "ರಾವೋ-ಸಾನ್" ಎಂದು ಕರೆದದ್ದು ಕಿವಿಗೆ ಬಿದ್ದಾಗ ನಾನು ಎದ್ದೇ ನಿಂತುಬಿಟ್ಟೆ. ನನ್ನ ಹೆಸರೇನೂ ರಾವ್ ಅಲ್ಲ. ಆದರೆ ಟೋಕಿಯೋದ ಹಾರ್ಟ್ ವಿಭಾಗದಲ್ಲಿ, ಎದೆ ಕೊಯ್ಸಿಕೊಂಡು, ಸುತ್ತಮುತ್ತ ಒಬ್ಬರ ಮಾತೂ ಅರ್ಥವಾಗದೆ ಕೂತ ಮುದುಕಿಗೆ ಆ ಹೆಸರು ಹೇಗೆ ಕೇಳಿಸಿರಬೇಕು, ನೀವೇ ಹೇಳಿ. ಮೈಸೂರಿನವರೋ, ಬಸವನಗುಡಿಯವರೋ, ಯಾರೋ ನಮ್ಮ ಕಡೆಯ ರಾಯರು ಬಂದಿದ್ದಾರೆ. ಜೊತೆಗೆ ಹೆಂಡತಿಯೂ ಇದ್ದರೆ ಇನ್ನೂ ಒಳ್ಳೆಯದು. ಎರಡು ಮಾತು ಕನ್ನಡದಲ್ಲಿ ಆಡಿಬಿಟ್ಟರೆ ಆಮೇಲೆ ಏನಾದರೂ ಆಗಲಿ.

ಎದ್ದು ಬಂದವರು ಟ್ರ್ಯಾಕ್‌ಸೂಟ್ ತೊಟ್ಟ ಒಬ್ಬ ಹುಡುಗ. ಎತ್ತರ, ಎಣ್ಣೆಗಪ್ಪು, ಕಣ್ಣು ಮಾತ್ರ ಸ್ವಲ್ಪ ಜಪಾನಿಯರ ಹಾಗೆ ಓರೆ. ನಾನು ಆಸೆ ಬಿಡದೆ "ನಮಸ್ಕಾರ" ಅಂದೆ. ಅವರು ತಲೆ ಬಾಗಿಸಿ "ಬೋಂಜೂರ್, ಮದಾಮ್" ಅಂದರು.

ಅವರು ಮಡಗಾಸ್ಕರ್ ದೇಶದವರು, ಫುಟ್‌ಬಾಲ್ ಆಟಗಾರ. ಪೂರ್ತಿ ಹೆಸರು ಗೂಡ್ಸ್ ರೈಲಿನಷ್ಟು ಉದ್ದ. ರಿಸೆಪ್ಷನ್ನಿನ ಹುಡುಗಿ ಮೊದಲ ಡಬ್ಬಿಯನ್ನು ಮಾತ್ರ ಎಳೆದು ಬಿಟ್ಟುಬಿಡುತ್ತಿದ್ದಳು. ಆವತ್ತಿನಿಂದ ಅವರು ನನಗೆ ರಾಯರೇ. ನನ್ನ ಮಗಳಿಗಿಂತ ಎಷ್ಟೋ ಚಿಕ್ಕವರು, ನಿಜ. ಆದರೆ ರಾಯರು ಅಂತ ಕರೆದ ಮೇಲೆ ಏಕವಚನ ಬಾಯಿಗೆ ಬರುವುದು ಹೇಗೆ?

ನನ್ನ ಕಾಯಿಲೆಯ ಕಥೆ ಬರೆಯಬೇಕೆಂದು ಕೂತರೆ ಹೀಗೆ ರಾಯರೇ ಮುಂದೆ ಬಂದು ನಿಲ್ಲುತ್ತಾರೆ. ಇರಲಿ, ಮೊದಲು ನನ್ನದನ್ನು ಹೇಳಿಬಿಡುತ್ತೇನೆ.

ಮಗಳು ಶುಭಾ ಓಜಿಮಾದ ದೊಡ್ಡ ದೊಡ್ಡ ಕಟ್ಟಡಗಳ ಕಾಲೊನಿಯಲ್ಲಿದ್ದಾಳೆ. ಅವಳಿಗೂ ಅಳಿಯನಿಗೂ ಆಫೀಸು. ಮೊಮ್ಮಗಳು ತಾರಾಳನ್ನು ನೋಡಿಕೊಳ್ಳುವ ಅಜ್ಜಿ ಎಂಬ ಲೆಕ್ಕದಲ್ಲಿ ನನಗೆ ವೀಸಾ ಸಿಕ್ಕಿತ್ತು. ಅವಳನ್ನು ಶಿಶುವಿಹಾರಕ್ಕೆ ಬಿಡುವುದು, ಕರೆದುಕೊಂಡು ಬರುವುದು, ದಾರಿಯಲ್ಲಿ ಕೊಂಬಿನಿ ಎಂಬ ಮೂಲೆಯಂಗಡಿಗೆ ನುಗ್ಗಿ ಅಮ್ಮನಿಗೆ ಗೊತ್ತಾಗದ ಹಾಗೆ ಐಸ್‌ಕ್ರೀಮ್ ಕೊಡಿಸುವುದು, ಅಷ್ಟೇ ನನ್ನ ಉದ್ಯೋಗ. ಜಪಾನೀ ಭಾಷೆಯಲ್ಲಿ ಬರುತ್ತಿದ್ದದ್ದು ನಾಲ್ಕೇ ಮಾತು: ಸುಮಿಮಾಸೆನ್, ಅರಿಗಾತೋ, ಓಹಾಯೋ, ದೈಜೋಬು. ಈ ಕೊನೆಯದು ನನಗೆ ತುಂಬಾ ಹಿಡಿಸಿತ್ತು. ನಮ್ಮ "ಪರವಾಗಿಲ್ಲ" ಇದೆಯಲ್ಲ, ಅಚ್ಚು ಅದೇ. ಯಾರಾದರೂ ಕಾಲು ತುಳಿದರೆ ದೈಜೋಬು, ಚೆನ್ನಾಗಿದ್ದೀರಾ ಅಂದರೆ ದೈಜೋಬು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದೂ ಅದನ್ನೇ: "ಯಂಗ್ ಲೇಡೀಸ್ ಡು ನಾಟ್ ಹ್ಯಾವ್ ಏಕ್ಸ್." ಹೊಟ್ಟೆನೋವು, ತಲೆನೋವು ಅಂದರೆ ಗದರುತ್ತಿದ್ದರು.

ದವಡೆಯಲ್ಲಿ ಸೆಳೆತ ಶುರುವಾಯಿತು. ಕಟ್ಟಿಸಿದ ಹಲ್ಲಿನ ದೋಷ ಅಂದುಕೊಂಡೆ. ತಾರಾಳ ಕೈ ಹಿಡಿದು ಸೇತುವೆ ಹತ್ತುವಾಗ ಬೆನ್ನಿನಲ್ಲಿ ಕಲ್ಲು ಹೇರಿದ ಹಾಗೆ. ವಯಸ್ಸು ಅಂದುಕೊಂಡೆ. ಶುಭಾ ಬಲವಂತ ಮಾಡಿ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅವಳಿಗೆ ಆಫೀಸಿನಿಂದ ಫೋನ್ ಬಂತು, ಹೊರಗೆ ಹೋದಳು. ಅಷ್ಟು ಹೊತ್ತಿಗೆ ನರ್ಸ್ ಬಂದು, ವೈರುಗಳಿದ್ದ ಯಂತ್ರದ ಕಡೆ ಕೈ ತೋರಿಸಿ, ಮೃದುವಾಗಿ ಏನೋ ಕೇಳಿದಳು. ಇಸಿಜಿ ಮಾಡೋಣವೇ ಅಂತ ನನಗೂ ಗೊತ್ತಾಯಿತು. ಮಾಡಮ್ಮಾ, ನನ್ನದೇನೂ ಅಭ್ಯಂತರವಿಲ್ಲ ಎಂಬ ಅರ್ಥದಲ್ಲಿ ನಗುತ್ತಾ "ದೈಜೋಬು" ಅಂದೆ.

ಅವಳೂ ನಕ್ಕು ಯಂತ್ರವನ್ನು ಆಚೆ ತಳ್ಳಿಕೊಂಡು ಹೋದಳು.

ಬೇಕೇ ಎಂದು ಕೇಳಿದಾಗ ದೈಜೋಬು ಅಂದರೆ "ಬೇಡ, ಥ್ಯಾಂಕ್ಸ್" ಅಂತಲೂ ಆಗುತ್ತದೆ ಎಂದು ನನಗೆ ಯಾರು ಹೇಳಿದ್ದರು? ಗ್ಯಾಸ್ ಇರಬೇಕೆಂದು ಹೊಟ್ಟೆಗೆ ಔಷಧದ ಪುಡಿ ಕೊಟ್ಟು ಕಳಿಸಿದರು. ಅದೇ ವಾರ ಕಟ್ಟಡದ ಲಿಫ್ಟಿನ ಮುಂದೆ, ಈರುಳ್ಳಿ ಚೀಲದ ಸಮೇತ, ಕುಸಿದು ಬಿದ್ದೆ. ಎಚ್ಚರವಾದಾಗ ಎದೆಯ ನಡುವೆ ಮೇಲಿಂದ ಕೆಳಗೆ ಹೊಲಿಗೆ. ಬೈಪಾಸ್ ಆಗಿತ್ತು. ಆದರೆ ಹಾರ್ಟ್‌ನ ಒಂದು ಭಾಗ ಆಗಲೇ ಸತ್ತಿತ್ತು. ಅದು ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಶುಭಾಗೆ ತಲೆ ಬಾಗಿಸಿ ಹೇಳಿದರಂತೆ.

ಶುಭಾ ನನ್ನ ಮಂಚದ ಪಕ್ಕ ಅಳಲಿಲ್ಲ, ಬೈದಳು. "ಅಮ್ಮಾ, ನಿಂಗೇನಾದ್ರೂ ಆಗಿದ್ದಿದ್ರೆ ನಾನು ಎಲ್ರಿಗೂ ಏನಂತ ಹೇಳ್ಬೇಕಿತ್ತು? ನಮ್ಮಮ್ಮ ತುಂಬಾ ಪೊಲೈಟ್ ಆಗಿದ್ರು, ಅದ್ರಿಂದ್ಲೇ ಸತ್ರು ಅಂತನಾ?"

ಆಮೇಲಿನ ದಿನಗಳನ್ನು ಬಣ್ಣಿಸಿ ಹೇಳಲಾರೆ. ಕೆಮ್ಮಿದರೆ ಎದೆ ಎರಡಾಗಿ ಬಿಚ್ಚಿಕೊಳ್ಳುತ್ತದೆ ಎನ್ನಿಸುತ್ತಿತ್ತು. ಕೆಮ್ಮು ಬಂದಾಗ ಅವುಚಿಕೊಳ್ಳಲು ಒಂದು ಪುಟ್ಟ ದಿಂಬು ಕೊಟ್ಟಿದ್ದರು. ಅದಕ್ಕೆ ಮುಖ ಒತ್ತಿ, ಕರೆದುಕೊಂಡುಬಿಡಪ್ಪಾ ಎಂದು ದೇವರನ್ನು ಕೇಳಿಕೊಂಡಿದ್ದೇನೆ. ಯಾವ ದೇವರನ್ನು ಅಂತ ಗೊತ್ತಿಲ್ಲ. ಕಾನ್ವೆಂಟಿನ ಮೇರಿಯಮ್ಮನೂ ಬಂದಳು, ಚಾಮುಂಡಿಯೂ ಬಂದಳು. ನರ್ಸ್ ಬಂದು ನೋವಿದೆಯಾ ಅಂತ ಕೇಳಿದರೆ ಬಾಯಿ ಮಾತ್ರ ತಾನೇ ತಾನಾಗಿ ದೈಜೋಬು ಅನ್ನುತ್ತಿತ್ತು. ಅವಳು ನೋವಿನ ಮಾತ್ರೆಯನ್ನು ವಾಪಸ್ಸು ತೆಗೆದುಕೊಂಡು ಹೋಗುತ್ತಿದ್ದಳು.

ಕೊನೆಗೆ ದಾರಿ ತೋರಿಸಿದ್ದು ತಾರಾ. ಭಾನುವಾರ ನೋಡಲು ಬಂದವಳು ನರ್ಸಿಗೆ ನಾನು ಕೊಟ್ಟ ಉತ್ತರ ಕೇಳಿಸಿಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನೋ, ಅಜ್ಜಿ! ನೋವಾದ್ರೆ ದೈಜೋಬು ಜನಾಯ್ ಅನ್ಬೇಕು. ನಮ್ಮ ಸ್ಕೂಲಿನ ಸೆನ್‌ಸೇ ಹೇಳಿದಾರೆ. ಸುಮ್ನೆ ಇದ್ರೆ ಯಾರ್ಗೂ ಗೊತ್ತಾಗಲ್ಲ."

"ಜನಾಯ್ ಅಂದ್ರೆ ಏನೇ?"

"ಜನಾಯ್ ಅಂದ್ರೆ ನಾಟ್! ದೈಜೋಬು ಜನಾಯ್. ಐ ಆಮ್ ನಾಟ್ ಓಕೆ. ಸೇ ಇಟ್."

ಹೇಳಿದೆ. ನರ್ಸ್ ಓಡಿಬಂದು ಮಾತ್ರೆ ಕೊಟ್ಟಳು. ಇಷ್ಟು ವರ್ಷದ ಬದುಕಿನಲ್ಲಿ ನಾನು ಆ ಮಾತನ್ನು ಯಾವ ಭಾಷೆಯಲ್ಲೂ ಆಡಿದ ನೆನಪಿಲ್ಲ.

ಮನೆಗೆ ಬಿಟ್ಟ ಮೇಲೂ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಬರಬೇಕಿತ್ತು. ಅಲ್ಲಿ ಒಂದು ಕೋಣೆ, ಸಾಲಾಗಿ ಸೈಕಲ್ಲುಗಳು. ಎಷ್ಟು ತುಳಿದರೂ ಎಲ್ಲಿಗೂ ಹೋಗದ ಸೈಕಲ್ಲು. ಎದೆಗೆ ವೈರು ಅಂಟಿಸಿ, ಮೊರಿ-ಸಾನ್ ಎಂಬ ವ್ಯಾಯಾಮದ ಮೇಷ್ಟರು ಪಕ್ಕದಲ್ಲಿ ನಿಲ್ಲುತ್ತಾರೆ. ಆಗಾಗ ಒಂದು ಚಾರ್ಟನ್ನು ಮುಂದೆ ಹಿಡಿಯುತ್ತಾರೆ. ಮೇಲೆ "ಸುಲಭ", ಕೆಳಗಿಳಿದಂತೆ "ಕಿತ್ಸುಯಿ", ಅಂದರೆ ತುಂಬಾ ಕಷ್ಟ. ಎಷ್ಟು ಕಷ್ಟವಾಗುತ್ತಿದೆ ಎಂದು ನಾವು ಬೆರಳಿಟ್ಟು ತೋರಿಸಬೇಕು. ನನ್ನ ಪಕ್ಕದ ಸೈಕಲ್ಲು ರಾಯರದು. ಅವರು ಯಾವಾಗಲೂ ಸುಲಭದ ಮೇಲೇ ಬೆರಳಿಡುತ್ತಿದ್ದರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿದ್ದರೂ ಅಷ್ಟೇ.

ಅವರ ಕ್ಲಬ್ಬಿನಲ್ಲಿ ದುಭಾಷಿ ಇದ್ದ. ಆದರೆ ಅವನು ಕಲಿತದ್ದು ಪೋರ್ಚುಗೀಸ್. ವಿದೇಶಿ ಆಟಗಾರ ಅಂದರೆ ಬ್ರೆಜಿಲ್‌ನವನೇ ಇರುತ್ತಾನೆ ಎಂಬ ನಂಬಿಕೆ. ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಮಾತ್ರ ಟ್ಯಾಬ್ಲೆಟ್ಟಿನಲ್ಲಿ ಒಬ್ಬ ಫ್ರೆಂಚ್ ದುಭಾಷಿ ಹೆಂಗಸು ಬರುತ್ತಿದ್ದಳು. ಸೈಕಲ್ಲಿನ ಕೋಣೆಯಲ್ಲಿ ಯಾರೂ ಇಲ್ಲ. ನನಗೋ ಕಾನ್ವೆಂಟಿನಲ್ಲಿ ಫ್ರೆಂಚ್ ಕಲಿಸಿದ ಸಿಸ್ಟರ್ ಬೆರಳ ಗೆಣ್ಣಿನ ಮೇಲೆ ರೂಲುದೊಣ್ಣೆಯಿಂದ ಕೊಟ್ಟ ಏಟು ನೆನಪಿತ್ತು. ಏಟಿನ ಜೊತೆ ಭಾಷೆಯೂ ಒಂದಿಷ್ಟು ಉಳಿದುಕೊಂಡಿತ್ತು. ಬೆಂಗಳೂರಲ್ಲಿ ಒಂದು ದಿನವೂ ಕೆಲಸಕ್ಕೆ ಬಾರದ ಫ್ರೆಂಚು ಈ ಕೋಣೆಯಲ್ಲಿ ಬಂತು.

"ನಿಮ್ಮ ಫ್ರೆಂಚು ನಮ್ಮ ಊರಿನ ಪಾದ್ರಿಯದ್ದರ ಹಾಗಿದೆ, ಮದಾಮ್," ಅಂದರು ರಾಯರು. "ಆತ ಸತ್ತು ಎಷ್ಟೋ ಕಾಲವಾಯ್ತು."

"ನನ್ನದೂ ಹೆಚ್ಚು ಕಾಲ ಇಲ್ಲ," ಅಂದೆ. ಇಬ್ಬರೂ ನಕ್ಕೆವು. ನನಗೆ ಎದೆ ನೋಯಿತು.

ಪೆಡಲ್ ತುಳಿಯುತ್ತಾ ಅವರು ತಮ್ಮ ಆಟದ ಕಥೆಯನ್ನು ತುಂಡುತುಂಡಾಗಿ ಹೇಳಿದರು. ಭತ್ತ ಕೊಯ್ದ ಗದ್ದೆಯಲ್ಲಿ ಬರಿಗಾಲಲ್ಲಿ ಶುರು. ಪ್ಲಾಸ್ಟಿಕ್ ಚೀಲಗಳನ್ನು ಸುತ್ತಿ ದಾರ ಬಿಗಿದ ಚೆಂಡು. ಕೂಳೆ ಚುಚ್ಚುತ್ತಿದ್ದುದರಿಂದ ನಿಲ್ಲುವಂತಿರಲಿಲ್ಲ, ಅದಕ್ಕೇ ಓಟ ಕಲಿತೆ ಅಂದರು. ಅಲ್ಲಿಂದ ಪಕ್ಕದ ದ್ವೀಪದ ಒಂದು ಕ್ಲಬ್ಬು. ಅಲ್ಲಿಂದ ಫ್ರಾನ್ಸ್. ಅಲ್ಲಿ ದೊಡ್ಡ ತಂಡವೇನಲ್ಲ, ಹಗಲು ಗೋಡೌನಿನಲ್ಲಿ ಪೆಟ್ಟಿಗೆ ಹೊತ್ತು ಸಂಜೆ ಕೆಸರಿನಲ್ಲಿ ಆಡುವಂಥ ತಂಡ. ಚಳಿಗೆ ಕಾಲ್ಬೆರಳು ಇದೆಯೋ ಇಲ್ಲವೋ ಎಂದು ಶೂ ಬಿಚ್ಚಿ ನೋಡಿಕೊಳ್ಳುತ್ತಿದ್ದರಂತೆ. ಆಮೇಲೆ ಯಾರೋ ಏಜೆಂಟು, ಯಾವುದೋ ವಿಡಿಯೋ, ಜಪಾನಿನ ಕೆಳಗಿನ ಲೀಗಿನ ಒಂದು ಕ್ಲಬ್ಬು. ಇಲ್ಲಿ ಗೋಲು ಹೊಡೆದರು. ಪ್ರೇಕ್ಷಕರು ಅವರಿಗೋಸ್ಕರ ಒಂದು ಹಾಡು ಕಟ್ಟಿದರು. ಅದನ್ನೂ ನನಗೆ ಗುನುಗಿ ತೋರಿಸಿದರು. ಉದ್ದ ಹೆಸರು ರಾಗಕ್ಕೆ ಕೂರದೆ ಅಲ್ಲೂ ಬರೀ "ರಾವೋ, ರಾವೋ."

ಅವರ ದೇಶದ ತಂಡಕ್ಕೆ ಎತ್ತಿನ ಹೆಸರಂತೆ. ಫೋನಿನಲ್ಲಿ ಚಿತ್ರ ತೋರಿಸಿದರು. ನಮ್ಮ ಹಳ್ಳಿಕಾರ್ ಎತ್ತಿನ ಹಾಗೆಯೇ ಹಿಣಿಲು, ಕೊಂಬು. ಆ ತಂಡಕ್ಕೆ ರಾಯರನ್ನು ಒಮ್ಮೆ ಕರೆದಿದ್ದರು. ಪಂದ್ಯ ಮುಗಿಯುವವರೆಗೂ ಬೆಂಚಿನ ಮೇಲೆ ಕೂರಿಸಿ ಕಳಿಸಿದರು. ಊರಿನಲ್ಲಿ ಅವರ ಅಮ್ಮ ರೇಡಿಯೋ ಮುಂದೆ ಅಕ್ಕಿ ಆರಿಸುತ್ತಾ ಮಗನ ಹೆಸರು ಬರುತ್ತದೆಂದು ಕೂತೇ ಇದ್ದರಂತೆ. "ಕೊನೆಗೆ ಅಕ್ಕಿ ಮಾತ್ರ ಚೊಕ್ಕಟವಾಯ್ತು, ಮದಾಮ್."

ಈಗ ಎರಡನೆಯ ಸಲ ಕರೆ ಬಂದಿತ್ತು. ಈ ಬಾರಿ ಆಡಿಸುತ್ತೇನೆ ಎಂದು ಕೋಚ್ ಮಾತು ಕೊಟ್ಟಿದ್ದ. ಆದರೆ ರಾಯರು ಇಲ್ಲಿ ಪ್ರಾಕ್ಟೀಸಿನ ನಡುವೆ ಒಮ್ಮೆ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಹಾರ್ಟ್‌ನ ಬಡಿತ ತಾಳ ತಪ್ಪುತ್ತದೆ, ಅದಕ್ಕೇ ಈ ಪರೀಕ್ಷೆ, ಈ ಸೈಕಲ್ಲು. ಮತ್ತೆ ಬೀಳದಿದ್ದರೆ ಡಾಕ್ಟರು ಆಡಲು ಒಪ್ಪಿಗೆ ಕೊಡಬಹುದು. ಇನ್ನೊಂದು ಸಲ ಬಿದ್ದರೆ ಎದೆಯೊಳಗೆ ಒಂದು ಯಂತ್ರ ಕೂರಿಸಬೇಕು. ಬಡಿತ ಹುಚ್ಚೆದ್ದಾಗ ಅದು ಒಳಗಿಂದಲೇ ಶಾಕ್ ಕೊಟ್ಟು ಜೀವ ಉಳಿಸುತ್ತದೆ. ಯಂತ್ರ ಕೂತವನನ್ನು ಮೈದಾನಕ್ಕೆ ಇಳಿಸುವುದಿಲ್ಲ ಎಂದು ಕ್ಲಬ್ಬಿನವರೂ ದೇಶದ ತಂಡದವರೂ ಮೊದಲೇ ಹೇಳಿದ್ದರು.

ಅವರು ಮತ್ತೆ ಬಿದ್ದರು. ನನ್ನ ಕಣ್ಣ ಮುಂದೆಯೇ.

ವ್ಯಾಯಾಮ ಮುಗಿಸಿ ನಾವಿಬ್ಬರೂ ಕೆಳಗೆ ಕಾರಿಡಾರಿನ ಕೊನೆಯಲ್ಲಿ, ಚಹಾ ಡಬ್ಬಿಗಳ ವೆಂಡಿಂಗ್ ಮೆಷೀನಿನ ಹತ್ತಿರ ಹೋಗಿದ್ದೆವು. ನನಗೆ ಬಗ್ಗಲು ಆಗುವುದಿಲ್ಲವೆಂದು ರಾಯರೇ ಬಗ್ಗಿ ಡಬ್ಬಿ ತೆಗೆಯುತ್ತಿದ್ದರು. ಬಗ್ಗಿದವರು ಮೇಲೆ ಏಳಲಿಲ್ಲ. ಮುಖ ಬೂದಿಯಾಯಿತು, ಪಕ್ಕಕ್ಕೆ ವಾಲಿ ಗೋಡೆಗೆ ಒರಗಿಬಿಟ್ಟರು. ಬಿಸಿ ಡಬ್ಬಿ ಉರುಳಿಕೊಂಡು ಹೋಯಿತು. ಸುತ್ತ ಯಾರೂ ಇರಲಿಲ್ಲ. ಕೂಗಲು ನನಗೆ ಉಸಿರಿಲ್ಲ. ಮಂಡಿಯೂರಿ ಅವರ ಕೆನ್ನೆ ತಟ್ಟಿದೆ. "ಏಳೋ! ಏಳೋ ಕಂದಾ, ಏಳೋ!" ರಾಯರೂ ಇಲ್ಲ, ಫ್ರೆಂಚೂ ಇಲ್ಲ, ಎಲ್ಲಾ ಹೋಯಿತು. ಈ ದೂರದೇಶದಲ್ಲಿ ಒಬ್ಬ ತಾಯಿಯ ಮಗ ನನ್ನ ಕೈಯಲ್ಲಿ ಹೋಗುತ್ತಿದ್ದಾನೆ, ನನಗೆ ಎದ್ದು ಓಡಲೂ ಬರುವುದಿಲ್ಲ. ಎದೆ ಕೊಯ್ದಾಗಲೂ ನಾನು ಅಷ್ಟು ಅಸಹಾಯಕಳಾಗಿರಲಿಲ್ಲ.

ಕಣ್ಣು ತೆರೆದರು. ಆಚೆ ಈಚೆ ನೋಡಿ, ಬೆರಳನ್ನು ತುಟಿಯ ಮೇಲಿಟ್ಟುಕೊಂಡರು. "ತ್ಸಿ ಮನಿನುನ, ಮದಾಮ್." ಅದು ಅವರ ಭಾಷೆ.

"ಹಾಗಂದ್ರೆ?"

"ಏನೂ ಆಗಿಲ್ಲ, ಪರವಾಗಿಲ್ಲ ಅಂತ."

ಓಹೋ. ಅವರ ದೇಶದಲ್ಲೂ ಇದೆ ಈ ಮಾತು.

"ಡಾಕ್ಟರಿಗೆ ಹೇಳಿ," ಅಂದೆ.

"ಒಂದೇ ಒಂದು ಪಂದ್ಯ. ನನ್ನ ಹೆಸರು ಒಂದು ಸಲ ರೇಡಿಯೋದಲ್ಲಿ ಬರಲಿ. ಆಮೇಲೆ ನಾನೇ ಹೇಳ್ತೀನಿ." ಕೈ ಹಿಡಿದುಕೊಂಡರು. ಅಂಗೈ ತಣ್ಣಗಿತ್ತು. "ಮುಂದಿನ ಸಲ ಡಾಕ್ಟರ ಹತ್ತಿರ ನನ್ನ ಜೊತೆ ನೀವೂ ಬನ್ನಿ. ಆ ಟ್ಯಾಬ್ಲೆಟ್ ಹೆಂಗಸು ನನ್ನ ಮಾತನ್ನೆಲ್ಲ ಮಂಜುಗಡ್ಡೆ ಮಾಡಿ ದಾಟಿಸ್ತಾಳೆ. ನೀವು ಹೇಳಿ, ದಿನಾ ನೋಡ್ತೀನಿ, ಗಟ್ಟಿಯಾಗಿದ್ದಾನೆ ಅಂತ."

ಮನೆಯಲ್ಲಿ ಶುಭಾಗೆ ಹೇಳಿದೆ. ಅವಳು ಪಲ್ಯಕ್ಕೆ ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟಳು. "ಅಮ್ಮಾ, ಅದು ಅವರ ಪ್ರೈವಸಿ. ಅವರ ಲೈಫು, ಅವರ ಕೆರಿಯರ್ರು. ನೀನು ಯಾರು ಮಧ್ಯದಲ್ಲಿ?"

"ನೀನು ಆವತ್ತು ಫೋನ್ ಇಟ್ಟು ಒಳಗೆ ಬಂದು, 'ನಮ್ಮಮ್ಮನ ಮಾತು ನಂಬ್ಬೇಡಿ, ಇಸಿಜಿ ಮಾಡಿ' ಅಂದಿದ್ರೆ ನಾನು ಬೇಜಾರು ಮಾಡ್ಕೋತಿದ್ನಾ?" ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳ ಕಣ್ಣಲ್ಲಿ ನೀರು ಬಂತು. ಈರುಳ್ಳಿ ಅಂದಳು. ಹೆಚ್ಚುತ್ತಿದ್ದದ್ದು ಹುರುಳಿಕಾಯಿ.

ಡಾಕ್ಟರ ಕೋಣೆಯಲ್ಲಿ ರಾಯರು ಶರ್ಟಿಗೆ ಇಸ್ತ್ರಿ ಹಾಕಿಸಿ ಬಂದಿದ್ದರು, ಇಂಟರ್ವ್ಯೂಗೆ ಬಂದ ಹಾಗೆ. ನಾನು ಪಕ್ಕದ ಕುರ್ಚಿಯಲ್ಲಿ. ಟ್ಯಾಬ್ಲೆಟ್ಟಿನ ಹೆಂಗಸು ಕೇಳಿದಳು: ಇತ್ತೀಚೆಗೆ ತಲೆ ಸುತ್ತಿ ಬಿದ್ದದ್ದು ಏನಾದರೂ ಇದೆಯೇ?

"ನೋ," ಅಂದರು ರಾಯರು.

ಡಾಕ್ಟರು ಒಳ್ಳೆಯವರು. ತಾವೇ ಮುಂದೆ ಬಾಗಿ, ಮುಖ ನೋಡಿ, ಮೆತ್ತಗೆ ಕೇಳಿದರು, "ದೈಜೋಬು ದೇಸು ನೇ?"

ರಾಯರು ನನ್ನ ಕಡೆ ನೋಡಿದರು. ಬಾಗಿಲಲ್ಲಿ ನಿಂತ ಮಗು ನೋಡುವ ಹಾಗೆ. "ದೈಜೋಬು," ಅಂದರು.

ನಾನು ಏನು ಮಾಡಬೇಕೆಂದು ತೀರ್ಮಾನ ಮಾಡಿಕೊಂಡು ಹೋಗಿರಲಿಲ್ಲ, ಸತ್ಯವಾಗಿ. ಆ ಮಾತು ಕೇಳಿದ ಕೂಡಲೇ, ಆಚೆ ತಳ್ಳಿಕೊಂಡು ಹೋದ ಆ ಯಂತ್ರದ ಚಕ್ರಗಳ ಸದ್ದು ಕಿವಿಯಲ್ಲಿ ಬಂತು. ಬಾಯಿ ತೆರೆಯಿತು. "ದೈಜೋಬು ಜನಾಯ್ ದೇಸು!"

ನನಗೇ ಏನೋ ಆಯಿತು ಎಂದು ನರ್ಸ್ ವ್ಹೀಲ್‌ಚೇರ್ ತಂದುಬಿಟ್ಟಳು! ಡಾಕ್ಟರು ನನ್ನ ನಾಡಿ ಹಿಡಿದರು. ನಾನು ಕೈ ಬಿಡಿಸಿಕೊಂಡು, ರಾಯರ ಕಡೆ ತಿರುಗಿ, ಸಿಸ್ಟರ್ ಕಲಿಸಿದ ಫ್ರೆಂಚಿನಲ್ಲಿ ಹೇಳಿದೆ: "ನೀವೇ ಹೇಳಿ ರಾಯರೇ. ನಾನು ಹೇಳಿದರೆ ಅದು ಚಾಡಿ. ನೀವು ಹೇಳಿದರೆ ಕಾಯಿಲೆ."

ಟ್ಯಾಬ್ಲೆಟ್ಟಿನ ಹೆಂಗಸು "ಹಲೋ, ಕೇಳಿಸ್ತಿದೆಯಾ?" ಅನ್ನುತ್ತಿದ್ದಳು. ರಾಯರು ತಮ್ಮ ಮಂಡಿಗಳನ್ನೇ ನೋಡುತ್ತಿದ್ದರು, ಅವು ಯಾರದೋ ಎಂಬಂತೆ. ಆಮೇಲೆ ತಗ್ಗಿದ ದನಿಯಲ್ಲಿ ವೆಂಡಿಂಗ್ ಮೆಷೀನಿನ ಕಥೆ ಹೇಳಿದರು. ಅದರ ಜೊತೆಗೆ ನನಗೂ ಗೊತ್ತಿಲ್ಲದ ಇನ್ನೊಂದು, ಕ್ಲಬ್ಬಿನ ಹಾಸ್ಟೆಲಿನ ಬಚ್ಚಲಿನಲ್ಲಿ ಬಿದ್ದದ್ದು. ಟ್ಯಾಬ್ಲೆಟ್ಟಿನ ಹೆಂಗಸು ಅದನ್ನೆಲ್ಲ ಜಪಾನೀ ಭಾಷೆಗೆ ದಾಟಿಸಿದಳು. ಒಬ್ಬ ಸ್ಟ್ರೈಕರನ ಆಟ ಅಲ್ಲಿಗೆ ಮುಗಿಯಿತು. ಡಾಕ್ಟರು ತಲೆ ಬಾಗಿಸಿದರು. ಆ ದೇಶದಲ್ಲಿ ಕೆಟ್ಟ ಸುದ್ದಿಗೂ ಹಾಗೆಯೇ ಬಾಗುತ್ತಾರೆ.

ಯಂತ್ರ ಕೂರಿಸಿದರು. ಕ್ಲಬ್ಬು ಕಾಂಟ್ರ್ಯಾಕ್ಟ್ ಮುಗಿಸಿತು. ಎತ್ತಿನ ಹೆಸರಿನ ತಂಡ ಅವರಿಲ್ಲದೆ ಆಡಿತು. ಊರಿಗೆ ಹೊರಡುವ ಮೊದಲು ರಾಯರು ಕೊನೆಯ ಸಲ ಸೈಕಲ್ಲಿನ ಕೋಣೆಗೆ ಬಂದರು. ನನ್ನ ಪಕ್ಕದಲ್ಲೇ ಕೂತು ತುಳಿದರು. ನಾನು "ಬೋಂಜೂರ್" ಅಂದೆ. ಅವರು ಎದೆಯ ವೈರು ಸರಿಮಾಡಿಕೊಂಡರು. ಮೊರಿ-ಸಾನ್ ಎಂದಿನಂತೆ ಚಾರ್ಟು ಹಿಡಿದರು. ರಾಯರ ಬೆರಳು ಸುಲಭವನ್ನು ದಾಟಿ ಕೆಳಗೆ, ಕೆಳಗೆ ಇಳಿದು, ಕಿತ್ಸುಯಿಯ ಮೇಲೆ ನಿಂತಿತು. ಹಾಗೇ ಒತ್ತಿ ಹಿಡಿದರು. ಮೊರಿ-ಸಾನ್ ಗಾಬರಿಯಿಂದ ಸೈಕಲ್ಲಿನ ಬಿಗಿ ಸಡಿಲಿಸಿದರು. ಅದರಿಂದ ಸಡಿಲವಾಗುವ ಕಷ್ಟವೇ ಅದು? ಎದ್ದು, ಟವೆಲ್ ಮಡಿಸಿಟ್ಟು, ನನ್ನ ಕಡೆ ತಿರುಗದೆ ಹೋದರು.

ಆಮೇಲೆ ನಾನು ತುಳಿಯುವುದನ್ನೇ ಬಿಟ್ಟೆ. ಏನಕ್ಕೆ ತುಳಿಯಲಿ? ಅರ್ಧ ಸತ್ತ ನನ್ನ ಹಾರ್ಟ್ ಉಳಿಸಿಕೊಂಡು ನಾನು ಯಾವ ಪಂದ್ಯ ಆಡಬೇಕಾಗಿದೆ? ಆ ಮಗನ ಅಮ್ಮ ಮತ್ತೆ ಅಕ್ಕಿ ಆರಿಸುತ್ತಾ ಕೂತಿರುತ್ತಾಳೆ, ರೇಡಿಯೋದಲ್ಲಿ ಹೆಸರು ಬರುವುದಿಲ್ಲ, ಅದಕ್ಕೆ ಕಾರಣ ಯಾವುದೋ ಊರಿನ ಯಾವುದೋ ಮುದುಕಿ. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಎದುರಿನ ಕಟ್ಟಡದವರು ಹಾಸಿಗೆ ಒಣಹಾಕುವುದನ್ನು ನೋಡುತ್ತಾ ಕೂತಿರುತ್ತಿದ್ದೆ. ಶುಭಾ ಊಟ ತಂದಿಟ್ಟರೆ ಆರಿಹೋಗುತ್ತಿತ್ತು. "ಹೇಗಿದೀಯಮ್ಮಾ?" ಅಂದರೆ ಮಾತ್ರ ತಾರಾಳ ಪಾಠ ನೆನಪಿಟ್ಟು ಹೇಳುತ್ತಿದ್ದೆ: ದೈಜೋಬು ಜನಾಯ್. ಪರವಾಗಿದೆ ಕಣೇ, ತುಂಬಾ ಪರವಾಗಿದೆ. ಕನ್ನಡದಲ್ಲಿ ಹಾಗೆ ಯಾರೂ ಹೇಳುವುದಿಲ್ಲ, ಗೊತ್ತು. ಶುಭಾ ನಗಲಿಲ್ಲ. ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತಳು. ಆಫೀಸಿನ ಫೋನು ಒಳಗೆ ಹೊಡೆದುಕೊಳ್ಳುತ್ತಿತ್ತು, ಏಳಲಿಲ್ಲ.

ಒಂದು ಸಂಜೆ ಅವಳದೇ ಫೋನಿಗೆ ಒಂದು ವಾಯ್ಸ್ ಮೆಸೇಜ್ ಬಂತು. ಆಸ್ಪತ್ರೆಯ ದಿನಗಳಲ್ಲಿ ರಾಯರಿಗೆ ಆ ನಂಬರ್ ಕೊಟ್ಟಿದ್ದೆವು. ಮೊದಲು ಗಾಳಿ. ಆಮೇಲೆ ಮಕ್ಕಳ ಗಲಾಟೆ, ಚೆಂಡಿಗೆ ಕಾಲು ತಾಗುವ ದಪ್ ದಪ್. ಆಮೇಲೆ ಅವರ ದನಿ.

"ಮದಾಮ್. ಮಕ್ಕಳಿಗೆ ಹೇಳಿಕೊಡ್ತಿದೀನಿ, ಅದೇ ಗದ್ದೆಯಲ್ಲಿ. ನಿನ್ನೆ ಯಂತ್ರ ಒದೀತು. ಎದೆಯ ಒಳಗಿಂದ, ಡಿಫೆಂಡರ್ ಒದ್ದ ಹಾಗೆ. ಬಿದ್ದುಬಿಟ್ಟೆ. ಅಮ್ಮ ಗದ್ದೆ ಬದುವಿನ ಮೇಲಿಂದ ಕಿರುಚಿಕೊಂಡು ಓಡಿಬಂದ್ಲು. ಅವಳು ತಲುಪೋ ಹೊತ್ತಿಗೆ ಎದ್ದು ಕೂತಿದ್ದೆ." ಯಾವುದೋ ಹುಡುಗನಿಗೆ ಏನೋ ಕೂಗಿ ಹೇಳಿ ಮತ್ತೆ ಫೋನಿಗೆ ಬಂದರು. "ನಿಮ್ಮ ಮೇಲೆ ಕೋಪ ಇನ್ನೂ ಹೋಗಿಲ್ಲ, ನೆನಿಬೆ."

ನೆನಿಬೆ ಅಂದರೆ ಅವರಲ್ಲಿ ಅಜ್ಜಿ. ಸೈಕಲ್ಲಿನ ಮೇಲೆ ಹೇಳಿಕೊಟ್ಟಿದ್ದರು. ಅದುವರೆಗೆ ನನ್ನನ್ನು ಹಾಗೆ ಕರೆದಿರಲಿಲ್ಲ.

"ರಿಪ್ಲೈ ಮಾಡಮ್ಮಾ," ಎಂದು ಶುಭಾ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಳು. ಸಿಸ್ಟರ್ ರೂಲುದೊಣ್ಣೆ ಹಿಡಿದು ಎದುರಿಗೆ ಬಂದು ನಿಂತಿದ್ದರೂ ಆಗ ಒಂದು ಫ್ರೆಂಚ್ ಪದ ಬರುತ್ತಿರಲಿಲ್ಲ. ಕನ್ನಡದಲ್ಲೇ ಹೇಳಿದೆ. ತಾರಾ ನನ್ನ ಸೆರಗು ಎಳೆದು, "ಅಜ್ಜಿ, ಹೀ ವೋಂಟ್ ಅಂಡರ್‌ಸ್ಟ್ಯಾಂಡ್!" ಎಂದು ಪಿಸುಗುಟ್ಟುತ್ತಿದ್ದಳು.

"ಇರಲಿ ಕಣೋ," ಅಂದೆ. "ಕೋಪ ಇರಲಿ. ಇರಲಿ."